ಒಂದೇ ಅಂತಸ್ತಿನ ಮನೆ ಕಟ್ಟುವುದು: ಕಾಗದಪತ್ರದಿಂದ ಬಚ್ಚಲಿನ ಬಿಸಿನೀರಿನವರೆಗೆ

ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವವರೆಗೂ ಹೆಚ್ಚಿನವರ ಮನೆ ಕೆಲಸ ಚೆನ್ನಾಗೇ ನಡೆಯುತ್ತದೆ. ಆಮೇಲೆ ನಿಂತುಬಿಡುತ್ತದೆ. ಒಂದೋ ಗಾರೆ ಮಾಡಿಸುವ ಹೊತ್ತಿಗೆ ದುಡ್ಡು ಖಾಲಿ, ಇಲ್ಲವೋ ಟೈಲ್ಸ್ ಹಾಕಿದ ಮೇಲೆ ಬಿಸಿನೀರಿನ ಪೈಪಿಗಾಗಿ ಗೋಡೆ ಒಡೆಯುವ ಪಾಡು. ಎರಡಕ್ಕೂ ಮೂಲ ಒಂದೇ. ತೀರ್ಮಾನಗಳ ಸರದಿ ತಪ್ಪಿರುತ್ತದೆ.

ಸರದಿ ಹೀಗಿರಬೇಕು: ಮಣ್ಣಿನಡಿ, ಕಾಂಕ್ರೀಟಿನೊಳಗೆ, ಗಾರೆಯ ಹಿಂದೆ ಮುಚ್ಚಿಹೋಗುವುದೆಲ್ಲ ಗುದ್ದಲಿ ಪೂಜೆಗೆ ಮುಂಚೆಯೇ ತೀರ್ಮಾನವಾಗಬೇಕು. ಬಣ್ಣ, ಟೈಲ್ಸ್, ಗೇಟಿನ ಡಿಸೈನು ಆಮೇಲೆ ನೋಡಿಕೊಳ್ಳಬಹುದು. ನಮ್ಮಲ್ಲಿ ಉಲ್ಟಾ ನಡೆಯುತ್ತದೆ. ಎಲಿವೇಷನ್ (ಮನೆಯ ಮುಂಭಾಗದ) ಚಿತ್ರ ಮೊದಲು ಬರುತ್ತದೆ, ಪೈಪಿನ ನಕ್ಷೆ ಬರುವುದೇ ಇಲ್ಲ.

ಉದಾಹರಣೆಗೆ ಹಾಸನ, ಚಿಕ್ಕಮಗಳೂರು, ಶಿವಮೊಗ್ಗದಂಥ ಊರಿನ ಒಂದು 40×60 ಸೈಟು ಇಟ್ಟುಕೊಳ್ಳೋಣ. ಅದರಲ್ಲಿ 30×40 ಅಳತೆಯ ಮನೆ, ಅಂದರೆ 12 ಚದರ, 1,200 ಚದರ ಅಡಿ. ಅಜ್ಜ, ಅಜ್ಜಿ, ಗಂಡ, ಹೆಂಡತಿ, ಒಂದು ಮಗು. ಮಹಡಿ ಇಲ್ಲ, ಎಲ್ಲವೂ ನೆಲದ ಮೇಲೆ.

## ಕೈಯಲ್ಲಿ ಇರಬೇಕಾದ ಸಾಮಾನು

ಮನೆಯವರು ಇಟ್ಟುಕೊಳ್ಳಬೇಕಾದ್ದು ಕಡಿಮೆ: 30 ಮೀಟರ್ ಟೇಪು, ನೀರಿನ ಲೆವೆಲ್ ಟ್ಯೂಬ್, ಗೋಡೆ ನೆಟ್ಟಗಿದೆಯಾ ನೋಡಲು ಒಂದು ತೂಗುಗುಂಡು, ಕೈ ತಕ್ಕಡಿ, ದಪ್ಪ ರಟ್ಟಿನ ಒಂದು ಪುಸ್ತಕ, ಫೋನಿನ ಕ್ಯಾಮೆರಾ. ಪುಸ್ತಕದಲ್ಲಿ ದಿನಾ ಮೂರು ವಿಷಯ ಬರೆಯಿರಿ: ಎಷ್ಟು ಜನ ಬಂದರು, ಯಾವ ಸಾಮಾನು ಎಷ್ಟು ಇಳಿಯಿತು, ಎಷ್ಟು ದುಡ್ಡು ಕೊಟ್ಟೆವು. ಕಾಂಟ್ರಾಕ್ಟರ್ ಜೊತೆ ಲೆಕ್ಕ ಕೂತಾಗ ಉಳಿಯುವ ಸಾಕ್ಷಿ ಇದೊಂದೇ.

## ಹಂತ 1: ಕಾಗದಪತ್ರ

ಮೂಲ ಪತ್ರ, ಕ್ರಯಪತ್ರ, ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ, ಖಾತೆ, ಈ ಸಾಲಿನ ಕಂದಾಯ ರಸೀದಿ ಒಟ್ಟು ಮಾಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ವಕೀಲರಿಗೆ ತೋರಿಸಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು ದಾಖಲೆ ಬೇಕು. ಬಿ ಖಾತಾ (ಮಂಜೂರಾತಿ ಸರಿಯಿಲ್ಲದ ಆಸ್ತಿಗೆ ಕಂದಾಯಕ್ಕಾಗಿ ಕೊಡುವ ಖಾತೆ) ಎಂದು ಗೊತ್ತಾದರೆ ಅಲ್ಲೇ ನಿಂತು, ಸಾಲ ಕೊಡುವ ಬ್ಯಾಂಕಿನಲ್ಲಿ ಕೇಳಿ ಮುಂದುವರಿಯಿರಿ.

ಆಮೇಲೆ ಸೈಟು ಅಳೆಯಿರಿ. ನಾಲ್ಕು ಬದಿ ಅಳೆದರೆ ಸಾಲದು, ಎರಡೂ ಕರ್ಣ ಅಳೆಯಬೇಕು. 40×60 ಸೈಟಿನ ಕರ್ಣ 72 ಅಡಿ 1 ಇಂಚಿನ ಹತ್ತಿರ ಬರಬೇಕು. ಎರಡು ಕರ್ಣಕ್ಕೆ ಒಂದಡಿ ವ್ಯತ್ಯಾಸ ಬಂದರೆ ಸೈಟು ಓರೆಯಾಗಿದೆ ಅಥವಾ ಪಕ್ಕದವರ ಕಲ್ಲು ಸರಿದಿದೆ. ಪ್ಲಾನ್ ಬರೆಸುವುದಕ್ಕೆ ಮುಂಚೆ ಸರ್ವೆ ಮಾಡಿಸಿ.

ಇನ್ನೊಂದು ಮುಖ್ಯ ವಿಷಯ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು. ನಿಮ್ಮ ಅಳತೆಯ ಸೈಟಿಗೆ ಈಗ ಯಾವ ಪತ್ರ ಬೇಕು ಎಂದು ನಗರಸಭೆಯಲ್ಲೂ ವಿದ್ಯುತ್ ಕಂಪನಿಯಲ್ಲೂ ಮೊದಲೇ ವಿಚಾರಿಸಿ. ಮಂಜೂರಾದ ನಕ್ಷೆ ಬಿಟ್ಟು ಒಂದಡಿ ಜಾಸ್ತಿ ಎಳೆದರೂ ಕೊನೆಗೆ ಮೀಟರ್ ಹತ್ತಿರ ಬಂದು ಸಿಕ್ಕಿಕೊಳ್ಳುತ್ತೀರಿ.

## ಹಂತ 2: ದುಡ್ಡಿನ ಲೆಕ್ಕ

ಜಿಲ್ಲಾ ಕೇಂದ್ರಗಳಲ್ಲಿ ಈಗ ಸಾಮಾನ್ಯ ದರ್ಜೆಯ ಕೆಲಸಕ್ಕೆ ಚದರ ಅಡಿಗೆ ಅಂದಾಜು 1,800ರಿಂದ 2,400 ರೂಪಾಯಿ ಹೇಳುತ್ತಾರೆ. ನಡುವಿನ 2,100 ಹಿಡಿದರೆ 12 ಚದರಕ್ಕೆ 25 ಲಕ್ಷದ 20 ಸಾವಿರ. ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಅರ್ಧಕ್ಕೆ ನಿಂತ ಮನೆಗಳ ಕಥೆ ಶುರುವಾಗುವುದು ಇಲ್ಲಿಂದಲೇ.

ಆ ದರದಲ್ಲಿ ಸಾಮಾನ್ಯವಾಗಿ ಸೇರದೇ ಇರುವುದನ್ನು ನೋಡಿ: ಕಾಂಪೌಂಡು, ಗೇಟು, ಸಂಪು, ಸೆಪ್ಟಿಕ್ ಟ್ಯಾಂಕು ಅಥವಾ ಯುಜಿಡಿ (ಒಳಚರಂಡಿ) ಸಂಪರ್ಕ, ಬೋರು, ನಕ್ಷೆ ಮಂಜೂರಾತಿ ಶುಲ್ಕ, ಎಂಜಿನಿಯರ್ ಫೀಸು, ಕರೆಂಟಿನ ಠೇವಣಿ, ಸೋಲಾರ್, ಅಡುಗೆಮನೆಯ ಕಪಾಟು, ಗೃಹಪ್ರವೇಶದ ಖರ್ಚು. ಇದಕ್ಕೆಲ್ಲ 5 ಲಕ್ಷ ತೆಗೆದಿಡಿ. ಅದರ ಮೇಲೆ ಶೇ 10ರಷ್ಟು ಕಾಯ್ದಿಟ್ಟ ಹಣ. ಒಟ್ಟು 33 ಲಕ್ಷದ ಆಸುಪಾಸು. ಕೈಯಲ್ಲಿರುವುದು 26 ಲಕ್ಷವಾದರೆ 9 ಚದರ ಕಟ್ಟಿ. ಪೂರ್ತಿಯಾದ 9 ಚದರದ ಮನೆಯಲ್ಲಿ ನೆಮ್ಮದಿಯಾಗಿ ಬಾಳಬಹುದು, ಕಿಟಕಿ ಬಾಗಿಲಿಲ್ಲದ 12 ಚದರದಲ್ಲಿ ಆಗುವುದಿಲ್ಲ.

25 ಲಕ್ಷದ ಹಂಚಿಕೆ ಹೆಚ್ಚುಕಡಿಮೆ ಹೀಗೆ ಬರುತ್ತದೆ: ಪಾಯದಿಂದ ಪ್ಲಿಂತ್‌ವರೆಗೆ (ಮನೆಯ ನೆಲಮಟ್ಟದವರೆಗೆ) ಶೇ 15, ಗೋಡೆ ಮತ್ತು ಮೋಲ್ಡ್ ಶೇ 35, ಗಾರೆ, ಪೈಪು, ವೈರಿಂಗ್ ಶೇ 20, ಉಳಿದ ಶೇ 30 ನೆಲ, ಬಾಗಿಲು, ಕಿಟಕಿ, ಬಣ್ಣಕ್ಕೆ. ಮೋಲ್ಡ್ ಆದಾಗ ಮನೆ ಮುಗಿದಂತೆ ಕಾಣುತ್ತದೆ, ಆದರೆ ಖರ್ಚು ಆಗಿರುವುದು ಅರ್ಧ ಮಾತ್ರ. ಆ ದಿನ ನಿಮ್ಮ ಕೈಯಲ್ಲಿ ಇನ್ನೂ ಅರ್ಧ ದುಡ್ಡು ಇರಲೇಬೇಕು.

ಎಸ್ಟಿಮೇಟ್ ಸರಿಯಿದೆಯಾ ಎಂದು ನೋಡಲು ಎರಡು ಅಳತೆ ಸಾಕು. ಸಿಮೆಂಟು ಚದರ ಅಡಿಗೆ 0.4ರಿಂದ 0.45 ಮೂಟೆ, ಅಂದರೆ ಈ ಮನೆಗೆ 480ರಿಂದ 540. ಕಬ್ಬಿಣ ಚದರ ಅಡಿಗೆ ಮೂರೂವರೆಯಿಂದ 4 ಕೆಜಿ, ಅಂದರೆ 4.2ರಿಂದ 4.8 ಟನ್. ಕೊಟ್ಟ ಅಂಕಿ ಇದರಿಂದ ತುಂಬಾ ದೂರವಿದ್ದರೆ ಯಾಕೆ ಎಂದು ಕೇಳಿ. ಎಸ್ಟಿಮೇಟ್ 2025ರ ಸೆಪ್ಟೆಂಬರ್‌ಗೆ ಮುಂಚಿನದಾದರೆ ಹೊಸದು ಬರೆಸಿ. ಆ ತಿಂಗಳ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ.

ಸಾಲದ ಬಗ್ಗೆ ಒಂದು ಮಾತು. ರಿಸರ್ವ್ ಬ್ಯಾಂಕ್ ಮಿತಿಯಂತೆ 30 ಲಕ್ಷದವರೆಗಿನ ಗೃಹಸಾಲ ಮೌಲ್ಯದ ಶೇ 90ರವರೆಗೆ ಸಿಗಬಹುದು, 30ರಿಂದ 75 ಲಕ್ಷದ ಸಾಲ ಶೇ 80ರವರೆಗೆ. ಆದರೆ ಕಟ್ಟುವ ಮನೆಗೆ ಬ್ಯಾಂಕು ಒಂದೇ ಸಲ ಕೊಡುವುದಿಲ್ಲ. ಒಂದು ಹಂತ ಮುಗಿದ ಮೇಲೆ ಅದರ ಕಂತು. ಹಾಗಾಗಿ ಪ್ಲಿಂತ್‌ವರೆಗಿನ ಖರ್ಚು ನಿಮ್ಮ ಸ್ವಂತ ಕೈಯಿಂದಲೇ ಆಗುತ್ತದೆ ಎಂದು ತಿಳಿದು ಹೊರಡಿ.

## ಹಂತ 3: ಪ್ಲಾನ್

ವಾಸ್ತು ನೋಡುವ ಮನೆಯಾದರೆ ಹಿರಿಯರನ್ನೂ ಎಂಜಿನಿಯರನ್ನೂ ಒಟ್ಟಿಗೆ ಕೂರಿಸಿ ಕಾಗದದ ಮೇಲೇ ಮುಗಿಸಿಬಿಡಿ. ಪಾಯ ತೋಡಿದ ಮೇಲೆ ಬಾಗಿಲು ಸರಿಸುವ ಮಾತು ಬಂದರೆ ಪಿಲ್ಲರಿನ ಲೆಕ್ಕವೇ ಕೆಡುತ್ತದೆ.

ನೆಲದ ಮಟ್ಟ ರಸ್ತೆಗಿಂತ ಕನಿಷ್ಠ 2 ಅಡಿ ಮೇಲಿರಲಿ. ಪ್ರತಿ ಸಲ ಡಾಂಬರು ಬಿದ್ದಾಗ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ. ಆದರೆ 2 ಅಡಿ ಎತ್ತರಕ್ಕೆ ಮೆಟ್ಟಿಲು ಮಾತ್ರ ಇಟ್ಟರೆ ಅಜ್ಜಿಗೆ ಕಷ್ಟ, ಅಲ್ವಾ? ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಒಂದಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. 2 ಅಡಿಗೆ 24 ಅಡಿ. ಅದು ಮುಂಭಾಗದಲ್ಲಿ ಹಿಡಿಸುವುದಿಲ್ಲ. ಪಕ್ಕದ 5 ಅಡಿ ಜಾಗದಲ್ಲಿ ಗೋಡೆಗುಂಟ ಹೋಗಿ ಪಕ್ಕದ ಬಾಗಿಲಿಗೆ ಸೇರುವಂತೆ ಈಗಲೇ ಬರೆಸಿ. ಹಿರಿಯರ ಬಚ್ಚಲಿನ ಬಾಗಿಲು 3 ಅಡಿ ಅಗಲ ಇರಲಿ. ರೂಢಿಯ ಎರಡೂವರೆ ಅಡಿಯಲ್ಲಿ ಗಾಲಿಕುರ್ಚಿ ಹೋಗದು.

ಮಲೆನಾಡಿನ ಕಡೆ ಮಳೆ ಹೊಡೆಯುವುದು ನೈಋತ್ಯ, ಪಶ್ಚಿಮದಿಂದ. ಆ ಗೋಡೆಗೆ ಎರಡಡಿ ಸಜ್ಜಾ ಕೊಡಿ. ಸಾಧ್ಯವಾದರೆ ಸ್ಟೋರು, ಬಚ್ಚಲು ಆ ಕಡೆಗೆ ಬರಲಿ. ಹಿರಿಯರ ರೂಮಿಗೆ ಪೂರ್ವದ ಅಥವಾ ದಕ್ಷಿಣದ ಬಿಸಿಲು ಸಿಗಲಿ. ನಮ್ಮ ಚಳಿಗೆ ಒಣಗಿದ ಗೋಡೆ, ಬೆಳಗಿನ ಬಿಸಿಲು ಇದ್ದರೆ ಬಹುಪಾಲು ಸಾಕು. 2 ಕಿಲೋವ್ಯಾಟಿನ ರೂಮ್ ಹೀಟರ್ 4 ಗಂಟೆ ಉರಿದರೆ 8 ಯೂನಿಟ್ ಹೋಗುತ್ತದೆ. ಮಡಿಕೇರಿಯಂಥ ಊರಲ್ಲಿ ಬೇಕೆನಿಸಿದರೆ ಆ ರೂಮಿಗೆ 16 ಆಂಪಿಯರ್ ಪ್ಲಗ್ ಪಾಯಿಂಟು ಇಡಿಸಿ.

## ಹಂತ 4: ಬಿಸಿನೀರು ಯಾವುದರಿಂದ?

ಇದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ಪ್ಲಾನ್ ಬರೆಸುವಾಗಲೇ ಮುಗಿಸಿ, ಯಾಕೆಂದರೆ ಪೈಪು, ವೈರು, ಮೇಲಿನ ಟ್ಯಾಂಕಿನ ಎತ್ತರ ಎಲ್ಲವೂ ಇದನ್ನೇ ಅವಲಂಬಿಸಿವೆ.

ಮೊದಲು ಬೇಕಾದ್ದೆಷ್ಟು ನೋಡಿ. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಅರ್ಧ ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟು ಬೇಕು. 5 ಜನಕ್ಕೆ ಒಂದೊಂದು ಬಕೆಟ್ ಎಂದರೆ ತಿಂಗಳಿಗೆ ಸುಮಾರು 70 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 420 ರೂಪಾಯಿ. ಎರಡೆರಡು ಬಕೆಟ್ ಆದರೆ 840.

ಸೋಲಾರ್. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಕಣ್ಣುಮುಚ್ಚಿ ಹಾಕಿಸಿ. 5 ಜನಕ್ಕೆ 200 ಲೀಟರ್ ಸಾಕು. ಗಾಜಿನ ಕೊಳವೆಯದು ಅಗ್ಗ. ತಾಮ್ರದ ಪ್ಯಾನೆಲ್ಲಿನದು ದುಬಾರಿ, ಬಾಳಿಕೆ ಜಾಸ್ತಿ, ಆದರೆ ಬೋರಿನ ಗಡಸು ನೀರಿಗೆ ಅದರ ಸಣ್ಣ ಪೈಪಿನಲ್ಲಿ ಸುಣ್ಣ ಕಟ್ಟುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಹೊಸ ಮನೆಗೆ ಕರೆಂಟು ಕೊಡುವಾಗ ಸೋಲಾರ್ ಹೀಟರ್ ಕೇಳುವ ನಿಯಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ಅಳತೆಗೆ ಅನ್ವಯಿಸುತ್ತಾ ವಿಚಾರಿಸಿ.

ತಪ್ಪು ಆಗುವುದು ಎತ್ತರದಲ್ಲಿ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಅಂದರೆ ತಾರಸಿಯಿಂದ 7-8 ಅಡಿ ಮೇಲೆ. 1,000 ಲೀಟರ್ ನೀರು ಒಂದು ಟನ್ ತೂಕ. ಅದು ಪಿಲ್ಲರ್ ಅಥವಾ ಬೀಮಿನ ನೆತ್ತಿಯ ಮೇಲೆ ಕೂರಬೇಕೇ ಹೊರತು ಬರೀ ಸ್ಲ್ಯಾಬಿನ ನಡುವೆ ಅಲ್ಲ. ಇದು ಎಂಜಿನಿಯರ್‌ಗೆ ಪಾಯಕ್ಕೆ ಮುಂಚೆಯೇ ಗೊತ್ತಿರಬೇಕು.

ಎರಡನೇ ತಪ್ಪು ದೂರ. ಮುಕ್ಕಾಲು ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 300 ಎಂಎಲ್ ನೀರು ನಿಂತಿರುತ್ತದೆ. 15 ಮೀಟರ್ ಪೈಪಾದರೆ ಬಿಸಿನೀರು ಬರುವ ಮೊದಲು ನಾಲ್ಕೂವರೆ ಲೀಟರ್ ತಣ್ಣೀರು ಚೆಲ್ಲಬೇಕು. ದಿನಾ, ಪ್ರತಿ ಬಚ್ಚಲಿನಲ್ಲಿ. ಎರಡು ಬಚ್ಚಲನ್ನೂ ಒಂದೇ ಗೋಡೆಗೆ ಬೆನ್ನು ಹಚ್ಚಿ ಇಡಿ, ಸೋಲಾರ್ ಅದರ ನೇರ ಮೇಲಿರಲಿ, ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತಿಸಿ.

ಕರೆಂಟ್ ಗೀಸರ್. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ನಂಬುವಂತಿಲ್ಲ. ಆಗ ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಹಾಕಿಸುತ್ತಾರೆ. ನನ್ನ ಸಲಹೆ ಬೇಡ ಅಂತಲೇ. ಇಬ್ಬರ ಸ್ನಾನಕ್ಕೆ 200 ಲೀಟರ್ ಪೂರ್ತಿ ಕಾಯಿಸಬೇಕಾಗುತ್ತದೆ, ಸುಮಾರು 6 ಯೂನಿಟ್ ಹೋಗುತ್ತದೆ. ಬದಲಿಗೆ ಬಚ್ಚಲಿನಲ್ಲಿ 15 ಲೀಟರಿನ ಗೀಸರ್ ಇಡಿ. ಅದು ಒಂದು ಸಲ ಕಾಯಲು ಮುಕ್ಕಾಲು ಯೂನಿಟ್ ಕೂಡ ಬೇಡ. ಅದಕ್ಕೆ 4 ಚದರ ಎಂಎಂ ವೈರು, ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್ಚು), ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಕಡ್ಡಾಯ.

ಹೀಟ್ ಪಂಪ್. ಹೊರಗಿನ ಗಾಳಿಯ ಬಿಸಿ ಹೀರಿ ನೀರಿಗೆ ಕೊಡುತ್ತದೆ. ಅದೇ 70 ಯೂನಿಟಿನ ಕೆಲಸ 25ರ ಆಸುಪಾಸಿನಲ್ಲಿ ಆಗುತ್ತದೆ, ಮೋಡವಿದ್ದರೂ ನಡೆಯುತ್ತದೆ. ಆದರೆ ಬೆಲೆ ಜಾಸ್ತಿ, ಇಡಲು ಗಾಳಿಯಾಡುವ ಜಾಗ ಬೇಕು, ರಿಪೇರಿಯವರು ನಿಮ್ಮ ಊರಲ್ಲೇ ಇರಬೇಕು. ಇಷ್ಟು ಚಿಕ್ಕ ಕುಟುಂಬಕ್ಕೆ ಹಾಕಿದ ದುಡ್ಡು ಬೇಗ ಹಿಂದೆ ಬರುವುದಿಲ್ಲ.

ಗ್ಯಾಸ್ ಗೀಸರ್. ಬಚ್ಚಲಿನೊಳಗೆ ಎಂದೂ ಬೇಡ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಬೀಳುತ್ತಾರೆ. ಹಾಕಲೇಬೇಕಾದರೆ ಹಿತ್ತಲಿನ ತೆರೆದ ಯುಟಿಲಿಟಿಯಲ್ಲಿಟ್ಟು ಪೈಪು ಮಾತ್ರ ಒಳಗೆ ತನ್ನಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ, ಯಾರಿಗಾದರೂ ತಲೆನೋವು, ತಲೆಸುತ್ತು ಬಂದರೆ ಆ ಕ್ಷಣ ಆರಿಸಿ.

ಬಚ್ಚಲೊಲೆ. ತೋಟವಿದ್ದು, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಮನೆಯಲ್ಲೇ ಬೀಳುತ್ತಿದ್ದರೆ ಹಂಡೆಯ ನೀರಿಗೆ ಸಾಟಿಯಿಲ್ಲ. ಒಲೆಯ ಬಾಯಿ ಮನೆಯ ಹೊರಗಿರಲಿ, ಹೊಗೆ ಕೊಳವೆ ಮಾಡಿಗಿಂತ ಮೇಲೆ ಹೋಗಲಿ.

ನಮ್ಮ ಉದಾಹರಣೆಯ ಮನೆಗೆ ನಾನು ಹೇಳುವುದು 200 ಲೀಟರ್ ಸೋಲಾರ್, ಜೊತೆಗೆ ಹಿರಿಯರ ಬಚ್ಚಲಿನಲ್ಲಿ 15 ಲೀಟರ್ ಗೀಸರ್.

## ಹಂತ 5: ಕರಾರು

ಜಗಳ ಹುಟ್ಟುವುದು ದರದಲ್ಲಲ್ಲ, ಅಳತೆಯಲ್ಲಿ. ಸಜ್ಜಾ, ಪೋರ್ಟಿಕೊ, ಮೆಟ್ಟಿಲ ಮೇಲಿನ ಕೋಣೆ, ಸಂಪು ಚದರದ ಲೆಕ್ಕಕ್ಕೆ ಬರುತ್ತವಾ? ಬಂದರೆ ಪೂರ್ತಿಯಾ, ಅರ್ಧವಾ? ಛಾಪಾ ಕಾಗದದಲ್ಲಿ ಬರೆಸಿ. ಸಿಮೆಂಟು, ಕಬ್ಬಿಣ, ವೈರು, ಪೈಪು ಯಾವ ಕಂಪನಿಯದು, ಟೈಲ್ಸ್ ಚದರ ಅಡಿಗೆ ಎಷ್ಟು ರೂಪಾಯಿಯದು ಎನ್ನುವುದೂ ಬರಲಿ. "ಒಳ್ಳೇ ಕ್ವಾಲಿಟಿ" ಎಂದು ಬರೆದರೆ ಸುಮ್ನೆ.

ಮುಂಗಡ ಶೇ 5ರಿಂದ 10 ದಾಟಬಾರದು. ಆಮೇಲೆ ಕೆಲಸ ಮುಗಿದ ಹಂತಕ್ಕೆ ಮಾತ್ರ ಹಣ. ಕೊನೆಯ ಶೇ 5 ನಿಮ್ಮ ಹತ್ತಿರವೇ ಇರಲಿ. ಮುಂದಿನ ಹಂತದ ದುಡ್ಡು ಮೊದಲೇ ಕೇಳುವುದು, ವಾರಗಟ್ಟಲೆ ಜನ ಬಾರದಿರುವುದು, ಅಂಗಡಿಯವರು ನಿಮ್ಮನ್ನೇ ಬಾಕಿ ಕೇಳುವುದು, ಈ ಮೂರರಲ್ಲಿ ಒಂದು ಕಂಡರೂ ಮುಂದಿನ ಕಂತು ತಡೆಹಿಡಿದು ಎದುರು ಕೂತು ಮಾತಾಡಿ.

## ಹಂತ 6: ಪಾಯ

ಗಟ್ಟಿ ನೆಲ ಸಿಗುವವರೆಗೆ ತೋಡಬೇಕು. ಉತ್ತರ ಕರ್ನಾಟಕದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಪಕ್ಕದ ಮನೆ ನೋಡಿ ಆಳ ತೀರ್ಮಾನಿಸಬೇಡಿ, ಮಣ್ಣು ಪರೀಕ್ಷೆ ಮಾಡಿಸಿ.

ಫೂಟಿಂಗ್ (ಪಿಲ್ಲರಿನ ಬುಡದ ಕಾಂಕ್ರೀಟ್) ಕಬ್ಬಿಣ ನೇರವಾಗಿ ಮಣ್ಣಿನ ಮೇಲೆ ಕೂರಬಾರದು. ಕೆಳಗೆ ಬೆಡ್ ಕಾಂಕ್ರೀಟ್, ಅದರ ಮೇಲೆ ಕಂಬಿಯನ್ನು ಎತ್ತಿ ಹಿಡಿಯುವ 50 ಎಂಎಂ ಕವರ್ ಬ್ಲಾಕ್. ಕಲ್ಲಿನ ಚೂರು ಇಟ್ಟರೆ ಒಪ್ಪಬೇಡಿ.

ಕಬ್ಬಿಣ ಇಳಿದ ದಿನ ಕೈ ತಕ್ಕಡಿ ಕೆಲಸಕ್ಕೆ ಬರುತ್ತದೆ. 12 ಎಂಎಂ ಕಂಬಿಯ 12 ಮೀಟರ್ ಉದ್ದ ಸುಮಾರು 10.7 ಕೆಜಿ ತೂಗಬೇಕು, 10 ಎಂಎಂ 7.4, 8 ಎಂಎಂ 4.7. ಒಂದು ಮೀಟರ್ ತುಂಡು ತೂಗಿದರೂ ಗೊತ್ತಾಗುತ್ತದೆ: 12 ಎಂಎಂನದು 890 ಗ್ರಾಂ. 840ಕ್ಕಿಂತ ಕಡಿಮೆ ಬಂದರೆ ವಾಪಸ್ ಕಳಿಸಿ.

ಪ್ಲಿಂತ್ ತುಂಬುವ ಮಣ್ಣನ್ನು ಅರ್ಧರ್ಧ ಅಡಿ ಹಾಕಿ, ನೀರು ಬಿಟ್ಟು ದಮ್ಮಸ್ಸು ಮಾಡಬೇಕು. ಒಂದೇ ಸಲ ಸುರಿದರೆ ಎರಡು ವರ್ಷದಲ್ಲಿ ಟೈಲ್ಸ್ ಕೆಳಗೆ ಟೊಳ್ಳು ಶಬ್ದ ಬರುತ್ತದೆ. ನೆಲ ಮುಚ್ಚುವ ಮೊದಲು ಗೆದ್ದಲು ಔಷಧಿ ಹೊಡೆಸಿ, ಬಚ್ಚಲಿನ ಹೊರಹೋಗುವ ಪೈಪಿನ ದಾರಿ ಬಿಡಿಸಿ.

## ಹಂತ 7: ಗೋಡೆ ಮತ್ತು ಮೋಲ್ಡ್

ಇಟ್ಟಿಗೆಯನ್ನು ನೆನೆಸಿ ಕಟ್ಟಬೇಕು, ಕಾಂಕ್ರೀಟ್ ಬ್ಲಾಕಿಗೆ ನೀರು ಚಿಮುಕಿಸಿದರೆ ಸಾಕು. ದಿನಕ್ಕೆ ನಾಲ್ಕೈದು ಅಡಿಗಿಂತ ಎತ್ತರ ಏರಿಸಬೇಡಿ. ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ) ಬಾಗಿಲ ಮೇಲೆ ಮಾತ್ರ ಬೇಡ, ಮನೆ ಸುತ್ತ ಪಟ್ಟಿಯಂತೆ ಓಡಲಿ.

ಮೋಲ್ಡ್ ಹಾಕುವ ಹಿಂದಿನ ಸಂಜೆ ಎಂಜಿನಿಯರ್ ಜೊತೆ ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ತಾತ್ಕಾಲಿಕ ಹಲಗೆ, ಆಸರೆ) ಮೇಲೆ ಹತ್ತಿ. ಕಂಬಿಯ ದಪ್ಪ, ಅಂತರ ನಕ್ಷೆಯಂತಿದೆಯಾ? ಅಡಿಯಲ್ಲಿ 20 ಎಂಎಂ ಕವರ್ ಬ್ಲಾಕ್ ಇದೆಯಾ? ಫ್ಯಾನ್ ಬಾಕ್ಸ್, ಕರೆಂಟಿನ ಪೈಪು, ಬಿಸಿನೀರಿನ ಪೈಪು ಇಳಿಯುವ ತೂತು, ಮಳೆನೀರಿನ ದಾರಿ ಬಿಟ್ಟಿದ್ದಾರಾ? ಎಲ್ಲದರ ಫೋಟೋ ತೆಗೆಯಿರಿ.

ಕಾಂಕ್ರೀಟ್ ಕನಿಷ್ಠ ಎಂ20 ದರ್ಜೆಯದು ಇರಬೇಕು. ಸೈಟಿನಲ್ಲೇ ಕಲಸಿದರೆ 1 ಪಾಲು ಸಿಮೆಂಟು, ಒಂದೂವರೆ ಪಾಲು ಎಂ ಸ್ಯಾಂಡ್, 3 ಪಾಲು ಜಲ್ಲಿ. ಕಲಸುವವರು ಸುಲಭವಾಗಿ ಹರಿಯಲಿ ಎಂದು ನೀರು ಜಾಸ್ತಿ ಸುರಿಯುತ್ತಾರೆ. 50 ಕೆಜಿ ಮೂಟೆಗೆ 30 ಲೀಟರ್ ಎನ್ನುವುದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವ ಗರಿಷ್ಠ ಮಿತಿ, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ನೀರನ್ನು ಪೈಪಿನಿಂದ ಬಿಡಲು ಕೊಡಬೇಡಿ, ಗುರುತು ಹಾಕಿದ ಬಕೆಟ್ಟಿನಲ್ಲಿ ಅಳೆಯಿಸಿ. ವೈಬ್ರೇಟರ್ ಎರಡಿರಲಿ, ಒಂದು ಕೆಡುವುದು ಸಾಮಾನ್ಯ. ಅದೇ ಕಾಂಕ್ರೀಟಿನಿಂದ ಮೂರು ಕ್ಯೂಬ್ (ಪರೀಕ್ಷೆಯ ಚೌಕದ ಅಚ್ಚು) ತುಂಬಿಸಿಟ್ಟು 28 ದಿನಕ್ಕೆ ಪರೀಕ್ಷೆಗೆ ಕಳಿಸಿ.

ಮರುದಿನದಿಂದ ತಾರಸಿ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, 14 ಆದರೆ ಒಳ್ಳೆಯದು. ಬೆಳಿಗ್ಗೆ ಒಂದು ಸಲ ಪೈಪು ಹಿಡಿದು ಹೋದರೆ ಅದು ಕ್ಯೂರಿಂಗ್ ಅಲ್ಲ. ಸೆಂಟ್ರಿಂಗ್ ಬಾಡಿಗೆ ಉಳಿಸಲು ಬೇಗ ಬಿಚ್ಚುವ ಆತುರ ಇರುತ್ತದೆ. ಸಾಮಾನ್ಯ ಸಿಮೆಂಟಿಗೇ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕೂ ಅಗಲವಾದರೆ ಹಾಗೂ 6 ಮೀಟರ್‌ವರೆಗಿನ ಬೀಮಿಗೆ 14 ದಿನ ಆಸರೆ ಇರಬೇಕು. ಪಿಪಿಸಿ ನಿಧಾನವಾಗಿ ಗಟ್ಟಿಯಾಗುವುದರಿಂದ ಸ್ಲ್ಯಾಬಿಗೆ 14, ಬೀಮಿಗೆ 21 ದಿನ ಬಿಡಿಸಿ.

## ಹಂತ 8: ಪೈಪು, ವೈರು, ಆಮೇಲೆ ಗಾರೆ

ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಯುಪಿವಿಸಿ ಮೆತ್ತಗಾಗುತ್ತದೆ. 4 ಇಂಚಿನ ಗೋಡೆಯಲ್ಲಿ ಅಡ್ಡಲಾಗಿ ಉದ್ದದ ಸೀಳು ಕೊರೆಯಲು ಬಿಡಬೇಡಿ, ಗೋಡೆ ಶಕ್ತಿ ಕಳೆದುಕೊಳ್ಳುತ್ತದೆ. ಪೈಪು ಕೂರಿಸಿದ ಮೇಲೆ ಕೈಪಂಪಿನಿಂದ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಗಾರೆಗೆ ಮುಂಚೆ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಕಾಣಬೇಕು. ಮುಂದೆ ಹಿರಿಯರಿಗೆ ಹಿಡಿಕೆ ಕೂರಿಸಲು ಡ್ರಿಲ್ ಹಿಡಿದಾಗ ಈ ಫೋಟೋ ಪೈಪನ್ನು ಕಾಪಾಡುತ್ತದೆ. ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ ಕೋಳಿಜಾಲರಿ ಹೊಡೆಸಿ, ಇಲ್ಲವಾದರೆ ಅಲ್ಲೇ ಉದ್ದಕ್ಕೆ ಬಿರುಕು ಬರುತ್ತದೆ.

## ಹಂತ 9: ಕೊನೆಯ ಕೆಲಸ

ಬಚ್ಚಲಿನ ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ, ಸುತ್ತಲಿನ ಗೋಡೆಯ ಬುಡ ಒದ್ದೆಯಾಗಿದೆಯಾ ನೋಡಿ, ಆಮೇಲೆ ಟೈಲ್ಸ್. ಹಿರಿಯರ ಬಚ್ಚಲಿಗೆ ಒರಟು ಟೈಲ್ಸ್ ಇರಲಿ. ಗಾರೆ ಒಣಗುವ ಮೊದಲು ಬಣ್ಣ ಬೇಡ, ಗೃಹಪ್ರವೇಶದ ದಿನ ಹತ್ತಿರ ಬಂತೆಂದು ಹೊಡೆಸಿದರೆ ಮೊದಲ ಮಳೆಗಾಲಕ್ಕೇ ಪುಡಿ ಉದುರುತ್ತದೆ. ಮುಹೂರ್ತವನ್ನು ಬಚ್ಚಲಿನ ಪರೀಕ್ಷೆ ಮುಗಿದ ಮೇಲೆ ಇಡಿಸಿ.

ನಿಮ್ಮ ಹತ್ತಿರ ಉಳಿಸಿಕೊಂಡ ಶೇ 5 ಕೊಡುವ ಮುಂಚೆ ಮಳೆನೀರಿನ ಪೈಪಿನ ಬಾಯಿ ಮುಚ್ಚಿ ತಾರಸಿಗೆ ಎರಡು ಇಂಚು ನೀರು ಕಟ್ಟಿ. ಎರಡು ದಿನ ಬಿಟ್ಟು ಒಳಗಿನ ಸೂರನ್ನು, ಅದರಲ್ಲೂ ಫ್ಯಾನ್ ಬಾಕ್ಸ್ ಸುತ್ತ ಮತ್ತು ಪೈಪು ಇಳಿದ ಕಡೆ, ಟಾರ್ಚ್ ಹಾಕಿ ನೋಡಿ. ಒದ್ದೆ ಕಂಡ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಅದು ಸರಿಯಾದ ಮೇಲೆ ಇನ್ನೊಂದು ಸಲ ನೀರು ಕಟ್ಟಿ, ಆಮೇಲೆ ಲೆಕ್ಕ ಚುಕ್ತಾ ಮಾಡಿ.